ಹಳೇ ಲ್ಯಾಪ್‌ಟಾಪಲ್ಲಿ ಸ್ಲೈಡ್‌ಶೋ ಸಾಫ್ಟ್‌ವೇರ್ ಓಪನ್ನೇ ಆಗ್ತಿರ್ಲಿಲ್ಲ, ಕೊನೆಗೆ ಹೇಗೆ ಸರಿ ಮಾಡ್ದೆ

ಅಪ್ಪಂಗೆ ಹಳೇ ಫೋಟೋಗಳನ್ನೆಲ್ಲ ಹಾಡಿನ ಜೊತೆ ಟೀವೀಲಿ ನೋಡೋ ಆಸೆ. ಮನೇಲಿ ಇರೋದು ಒಂದು ಕೋರ್ 2 ಡ್ಯುಯೋ ಪ್ರೋಸೆಸರ್ ಇರೋ ಲ್ಯಾಪ್‌ಟಾಪ್, 2 ಜಿಬಿ ರ್‍ಯಾಮ್, 64 ಬಿಟ್ ವಿಂಡೋಸ್ 7. ಒಂದು ಫ್ರೀ ಸ್ಲೈಡ್‌ಶೋ ಸಾಫ್ಟ್‌ವೇರ್ ಹಾಕಿ ಡಬಲ್ ಕ್ಲಿಕ್ ಮಾಡಿದ್ರೆ ಏನೋ ಡಿಎಲ್‌ಎಲ್ ಫೈಲ್ (ಪ್ರೋಗ್ರಾಮ್ ಓಡೋಕೆ ಬೇಕಾಗೋ ಸಹಾಯಕ ಫೈಲ್) ಇಲ್ಲ ಅಂತ ಮೆಸೇಜ್ ಬಂತು, ವಿಸಿರನ್‌ಟೈಮ್140 ಅಂತ ಏನೋ.

ಇಲ್ಲೇ ನಾನು ದಡ್ಡ ಕೆಲಸ ಮಾಡಿದ್ದು. ಆ ಫೈಲಿನ ಹೆಸರು ಹುಡುಕಿ ಯಾವುದೋ ಸೈಟಿಂದ ಅದೊಂದನ್ನೇ ಇಳಿಸಿ ಸಾಫ್ಟ್‌ವೇರ್ ಫೋಲ್ಡರ್‌ಗೆ ಹಾಕ್ದೆ. ಆಗ ಬೇರೆ ಎರರ್, ಕೋಡ್ ಕೊನೇಲಿ 7ಬಿ ಅಂತಿತ್ತು. ಅಂದ್ರೆ 32 ಬಿಟ್ ಪ್ರೋಗ್ರಾಮಿಗೆ 64 ಬಿಟ್ ಫೈಲ್ ಕೊಟ್ಟಿದ್ದೆ. ಅದನ್ನ ತೆಗೆದುಹಾಕಿ, ಮೈಕ್ರೋಸಾಫ್ಟ್‌ನವರ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅಂತ ಒಂದು ಪ್ಯಾಕೇಜ್ ಇದೆ, ಆ ಡಿಎಲ್‌ಎಲ್ ಅದರಲ್ಲೇ ಬರೋದು, ಅದರ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎರಡೂ ಹಾಕ್ದೆ. ವಿಂಡೋಸ್ 64 ಬಿಟ್ ಇದ್ರೂ ಪ್ರೋಗ್ರಾಮ್ 32 ಬಿಟ್ ಆದ್ರೆ ಅದಕ್ಕೆ ಬೇಕಾಗಿರೋದು ಎಕ್ಸ್86ದೇ, ಇದು ಬಹಳ ಜನಕ್ಕೆ ತಪ್ಪಿಹೋಗುತ್ತೆ. ವಿಂಡೋಸ್ 7ಲ್ಲಿ ಸರ್ವಿಸ್ ಪ್ಯಾಕ್ 1 ಇಲ್ದಿದ್ರೆ ಇದೂ ಕೂರಲ್ಲ, ನಂದ್ರಲ್ಲಿ ಪುಣ್ಯಕ್ಕೆ ಇತ್ತು.

ಎರರ್ ಹೋಯ್ತು, ಆದ್ರೆ ಈಗ ಕ್ಲಿಕ್ ಮಾಡಿದ್ರೆ ಏನೂ ಇಲ್ಲ. ಮೆಸೇಜೂ ಇಲ್ಲ, ಕಿಟಕೀನೂ ಇಲ್ಲ, ಮೌಸ್ ಹತ್ರ ಒಂದು ಸುತ್ತು ತಿರುಗಿ ಸುಮ್ನಾಗೋದು. ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ದೆ, ಅದೇ ಕಥೆ. ಅನ್‌ಇನ್‌ಸ್ಟಾಲ್ ಮಾಡಿದ್ರೂ ಆಪ್‌ಡೇಟಾ ಅನ್ನೋ ಫೋಲ್ಡರ್ ಒಳಗೆ ಆ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ಫೋಲ್ಡರ್ ಉಳ್ಕೊಂಡಿರುತ್ತೆ ಅಂತ ನೆನಪಾಗಿ ಆ ಫೋಲ್ಡರ್ ಹೆಸರನ್ನೂ ಬದಲಾಯಿಸಿ ನೋಡ್ದೆ, ಪ್ರಯೋಜನ ಆಗ್ಲಿಲ್ಲ. ಅಪ್ಪ ಬಂದು "ಇನ್ನೂ ಆಗ್ಲಿಲ್ವೇನೋ?" ಅಂತ ಕೇಳ್ಕೊಂಡು ಹೋದ್ರು.

ಎರಡು ದಿನ ಹಾಳಾದ ಮೇಲೆ ವಿಂಡೋಸಲ್ಲಿ ಆದ ಎರರ್‌ಗಳ ದಾಖಲೆ ತೋರಿಸೋ ಇವೆಂಟ್ ವ್ಯೂವರ್ ತೆಗೆದೆ, ಮೊದಲ್ನೇ ದಿನಾನೇ ತೆಗೀಬೇಕಿತ್ತು. ವಿಂಡೋಸ್ ಲಾಗ್ಸ್, ಅದ್ರೊಳಗೆ ಅಪ್ಲಿಕೇಶನ್, ಅಲ್ಲಿ ಕೆಂಪು ಗುರುತಿನ ಎರರ್ ಮೇಲೆ ಕ್ಲಿಕ್ ಮಾಡಿದ್ರೆ ಫಾಲ್ಟಿಂಗ್ ಮಾಡ್ಯೂಲ್ (ಯಾವ ಫೈಲಲ್ಲಿ ಎಡವಿತು ಅಂತ) ಅಂತ ಒಂದು ಸಾಲಿದೆ, ಪೂರ್ತಿ ಗುಟ್ಟು ಅಲ್ಲೇ ಇರೋದು. ನಂದ್ರಲ್ಲಿ ಸಾಫ್ಟ್‌ವೇರಿನ ಹೆಸರೇ ಇಲ್ಲ, ಗ್ರಾಫಿಕ್ಸ್ ಡ್ರೈವರ್‌ನ (ಚಿತ್ರ ಬಿಡಿಸೋ ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್) ಡಿಎಲ್‌ಎಲ್ ಹೆಸರಿತ್ತು, ಎಕ್ಸೆಪ್ಶನ್ ಕೋಡ್ ಕೊನೇಲಿ 05, ಅಂದ್ರೆ ಮುಟ್ಟಬಾರದ ಮೆಮೊರಿ ಜಾಗ ಮುಟ್ಟಿ ಬಿದ್ದಿದೆ ಅಂತ. ಇದೇ ಜಾಗದಲ್ಲಿ ಕೊನೇಲಿ 1ಡಿ ಅಂತ ಬಂದಿದ್ರೆ ನಾನು ಅಲ್ಲಿಗೇ ಕೈಬಿಡ್ತಿದ್ದೆ, ಯಾಕಂದ್ರೆ ಆ ಪ್ರೋಸೆಸರಿಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್‌ನ ಪ್ರೋಗ್ರಾಮ್ ಕೇಳ್ತಿದೆ ಅಂತ ಅದರರ್ಥ (ಎವಿಎಕ್ಸ್ ಅನ್ನೋ ಅಂಥ ಇನ್‌ಸ್ಟ್ರಕ್ಷನ್‌ಗಳು ಪ್ರೋಸೆಸರ್‌ಗಳಲ್ಲಿ ಬಂದಿದ್ದೇ 2011ರಲ್ಲಿ, ಕೋರ್ 2 ಡ್ಯುಯೋ ಅದಕ್ಕಿಂತ ಹಳೇದು), ಹಳೇ ವರ್ಷನ್ ಹುಡುಕೋದು ಬಿಟ್ರೆ ದಾರಿ ಇಲ್ಲ.

ಡ್ರೈವರ್ ಅಪ್‌ಡೇಟ್ ಮಾಡೋಣ ಅಂದ್ರೆ ಆ ಚಿಪ್ಪಿಗೆ ಹೊಸದು ಬರೋದು ನಿಂತು ಎಷ್ಟೋ ಕಾಲ ಆಗಿತ್ತು. ಆಗ ಸಾಫ್ಟ್‌ವೇರ್ ಫೋಲ್ಡರ್ ನೋಡ್ತಾ ಓಪನ್‌ಜಿಎಲ್32ಎಸ್‌ಡಬ್ಲ್ಯೂ ಅನ್ನೋ ಡಿಎಲ್‌ಎಲ್ ಕಣ್ಣಿಗೆ ಬಿತ್ತು. ಅಂದ್ರೆ ಇದು ಕ್ಯೂಟಿ ಅನ್ನೋ ಪ್ರೋಗ್ರಾಮಿಂಗ್ ಸಲಕರಣೇಲಿ ಬರ್ದಿರೋ ಪ್ರೋಗ್ರಾಮ್, ಗ್ರಾಫಿಕ್ಸ್ ಚಿಪ್ಪನ್ನ ಬಿಟ್ಟು ಪ್ರೋಸೆಸರಿಂದಲೇ ಚಿತ್ರ ಬಿಡಿಸೋ ವ್ಯವಸ್ಥೆ ಜೊತೇಲೇ ಕೊಟ್ಟಿದ್ದಾರೆ. ಅದನ್ನೇ ಬಳಸು ಅಂತ ಪ್ರೋಗ್ರಾಮಿಗೆ ಹೇಳೋಕೆ ಕಂಟ್ರೋಲ್ ಪ್ಯಾನೆಲ್, ಸಿಸ್ಟಮ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಹೋಗಿ ಹೊಸ ವೇರಿಯಬಲ್ ಸೇರಿಸ್ದೆ: ಹೆಸರು ಕ್ಯೂಟಿ, ಅಂಡರ್‌ಸ್ಕೋರ್, ಓಪನ್‌ಜಿಎಲ್, ವ್ಯಾಲ್ಯೂ ಸಾಫ್ಟ್‌ವೇರ್, ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಡಬಲ್ ಕ್ಲಿಕ್ ಮಾಡ್ದೆ. ಮತ್ತೆ ಏನೂ ಇಲ್ಲ! ತಲೆ ಕೆಟ್ಟೋಯ್ತು. ಆಮೇಲೆ ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಹಿಂದೆ ಯಾವಾಗ್ಲೋ ಅರ್ಧಕ್ಕೆ ನಿಂತಿದ್ದ ಪ್ರೋಸೆಸ್ ಅಲ್ಲೇ ಕೂತಿತ್ತು, ಅದು ಇದ್ದಷ್ಟು ಹೊತ್ತು ಹೊಸದಕ್ಕೆ ಒಳಗೆ ಬಿಡಲ್ಲ. ಎಂಡ್ ಪ್ರೋಸೆಸ್ ಕೊಟ್ಟು ಮತ್ತೆ ಕ್ಲಿಕ್ ಮಾಡ್ದೆ, ಅರ್ಧ ನಿಮಿಷ ತಗೊಂಡು ಕಿಟಕಿ ಬಂತು.

ನಿಧಾನ ಅಂತೂ ಹೌದು. ತ್ರೀಡಿ ಟ್ರಾನ್ಸಿಷನ್ ಎಲ್ಲ ತೆಗೆದು ಬರೀ ಫೇಡ್ ಇಟ್ಟೆ, 4000 ಪಿಕ್ಸೆಲ್ ಅಗಲದ ಫೋಟೋಗಳನ್ನ 1366ಕ್ಕೆ ಇಳಿಸ್ದೆ, ಆಮೇಲೆ ಟೀವೀಲಿ ಎಳೆದಾಡದೆ ಓಡ್ತು. ಅಪ್ಪ ಮಾತ್ರ ಆ ಅರ್ಧ ನಿಮಿಷ ಕಾಯಲ್ಲ, ಇನ್ನೂ ಬಂದಿಲ್ಲ ಅಂತ ಐದಾರು ಸಲ ಕ್ಲಿಕ್ ಮಾಡಿ ನನ್ನ ಕರೀತಾರೆ, ನಾನು ಹೋಗೋಷ್ಟರಲ್ಲಿ ಓಪನ್ ಆಗಿರುತ್ತೆ.