ಶಿಬಿರಕ್ಕೆ ಬಾರದವರ ಮನೆಗೆ ಹೋದ ಮೂರು ವರ್ಷ: ನನ್ನ ಅನುಭವ

ಹನ್ನೊಂದು ಹಳ್ಳಿಗಳಲ್ಲಿ ಅರವತ್ತೈದು ದಾಟಿದವರ ಬಿ.ಪಿ.ಯನ್ನೂ ನೆನಪಿನ ಶಕ್ತಿಯನ್ನೂ ವರ್ಷವರ್ಷ ಮನೆಗೇ ಹೋಗಿ ನೋಡುವ ನಮ್ಮ ಅಧ್ಯಯನದ ಮೂರನೆಯ ವಾರ್ಷಿಕ ಸುತ್ತು 2024ರ ಕೊನೆಯಲ್ಲಿ ಮುಗಿಯಿತು. ಆರಂಭದಲ್ಲಿ ಸೇರಿಸಿಕೊಂಡಿದ್ದ 408 ಹಿರಿಯರ ಪೈಕಿ ಅಷ್ಟರಲ್ಲಿ ತೀರಿಕೊಂಡವರು 61 ಮಂದಿ. ಉಳಿದ 347 ಜನರಲ್ಲಿ 319 ಜನರನ್ನು ನಾವು ಮತ್ತೆ ಕಂಡು, ಬಿ.ಪಿ. ಅಳೆದು, ನೆನಪಿನ ಪರೀಕ್ಷೆಯನ್ನೂ ಪೂರ್ತಿ ಮಾಡಿದ್ದೆವು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಎಂಬ ಈ ಲೆಕ್ಕವನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಯೋಜನೆಯನ್ನು ಮೊದಲು ಮಂಡಿಸಿದ ದಿನ ಅನುದಾನ ಸಮಿತಿಯ ಹಿರಿಯರೊಬ್ಬರು, ತಾಲೂಕು ಮಟ್ಟದಲ್ಲಿ ಅರವತ್ತೈದು ದಾಟಿದವರನ್ನು ಮೂರು ವರ್ಷ ಹಿಂಬಾಲಿಸಿದರೆ ಅರ್ಧದಷ್ಟು ಜನರೂ ಉಳಿಯುವುದಿಲ್ಲ, ಮನೆಯ ಜಗಲಿಯ ಮೇಲೆ ಅಳೆದದ್ದನ್ನು ಯಾರೂ ಅಂಕಿ ಅಂಶವೆಂದು ಒಪ್ಪುವುದಿಲ್ಲ ಎಂದು ಹೇಳಿ ಕಡತವನ್ನು ಮುಚ್ಚಿದ್ದರು.

ಅವರ ಅನುಮಾನಕ್ಕೆ ಆಧಾರವಿತ್ತು. 2018ರಲ್ಲಿ ತಿಪಟೂರು ಕಡೆಯ ಹಳ್ಳಿಗಳಲ್ಲಿ ನಾನು ಇದೇ ಕೆಲಸವನ್ನು ಶಿಬಿರದ ಮೂಲಕ ಮಾಡಲು ಹೋಗಿ ಸೋತಿದ್ದೆ. ಆರು ಶಿಬಿರಗಳಲ್ಲಿ 310ರಷ್ಟು ಹಿರಿಯರು ಹೆಸರು ಬರೆಸಿದರು. ಶಾಮಿಯಾನ, ವಾಹನ, ಊಟ, ರಕ್ತಪರೀಕ್ಷೆ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷ ಖರ್ಚಾಯಿತು. ವರ್ಷ ಕಳೆದು ಮತ್ತೆ ಕರೆದಾಗ ಬಂದವರು ಸುಮಾರು 120 ಜನ. ಅಂದರೆ ಪೂರ್ಣಗೊಂಡ ಒಂದೊಂದು ದಾಖಲೆಗೆ 2,300 ರೂಪಾಯಿ ತಗುಲಿತ್ತು. ಹಣ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ದಾಖಲೆಗಳು ಹೇಳಿದ ಸುಳ್ಳು. ಎರಡನೆಯ ಬಾರಿ ಬಂದವರ ನೆನಪಿನ ಸರಾಸರಿ ಅಂಕ ಮೊದಲಿಗಿಂತ ಒಂದರಷ್ಟು ಮೇಲೇರಿತ್ತು! ಪ್ರಶ್ನೆಗಳು ಪರಿಚಯವಾಗಿದ್ದವು ಎಂಬುದು ಒಂದು ಕಾರಣ. ದೊಡ್ಡ ಕಾರಣವೆಂದರೆ, ಮರೆವು ಹತ್ತಿದವರು ಶಿಬಿರದ ದಿನವನ್ನೇ ಮರೆತಿದ್ದರು, ಲಕ್ವ ಹೊಡೆದವರು ಮನೆಯಲ್ಲಿ ಮಲಗಿದ್ದರು, ನಡೆದರೆ ಏದುಸಿರು ಬರುವವರು ಬಸ್ ಹತ್ತಿರಲಿಲ್ಲ. ನಾವು ಹುಡುಕುತ್ತಿದ್ದ ಕಾಯಿಲೆಯೇ ನಮ್ಮ ರೋಗಿಗಳನ್ನು ನಮ್ಮಿಂದ ದೂರ ಇಟ್ಟಿತ್ತು.

ಆದ್ದರಿಂದ 2021ರ ಕೊನೆಯಲ್ಲಿ, ಕೋವಿಡ್ ಅಲೆಗಳು ತಗ್ಗಿದ ಮೇಲೆ, ಹನ್ನೊಂದು ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆಗೆ ಹೋಗುವ ಎರಡನೆಯ ಪ್ರಯತ್ನಕ್ಕೆ ಇಳಿದೆ. ಈ ಬಾರಿ ಒಂದು ಸಣ್ಣ ಹೋಲಿಕೆಯನ್ನೂ ಬೇಕೆಂದೇ ಇಟ್ಟುಕೊಂಡೆವು. ಮೊದಲು ಎಲ್ಲರನ್ನೂ ಅಂಗನವಾಡಿಗೆ ಕರೆದು, ಬಾರದವರ ಮನೆಗೆ ಆಮೇಲೆ ಹೋದೆವು. ಬಾರದೆ ಉಳಿದವರು ತೊಂಬತ್ತರ ಆಸುಪಾಸು. ಅಂಗನವಾಡಿಗೆ ಬಂದವರಲ್ಲಿ ಪರೀಕ್ಷೆಯಲ್ಲೂ ಮನೆಯವರ ಹೇಳಿಕೆಯಲ್ಲೂ ನೆನಪು ಕುಂದಿದ್ದವರು ಹನ್ನೆರಡಕ್ಕೆ ಒಬ್ಬರಂತಿದ್ದರೆ, ಮನೆಯಲ್ಲೇ ಉಳಿದವರಲ್ಲಿ ನಾಲ್ಕಕ್ಕೆ ಒಬ್ಬರು. ಇಡೀ ಅಧ್ಯಯನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಅಂಕಿ ಇದು.

ಬಿ.ಪಿ. ಅಳೆಯುವ ವಿಷಯದಲ್ಲಿ ನಾವು ಎರಡು ತಪ್ಪು ಮಾಡಿ ತಿದ್ದಿಕೊಂಡೆವು. ಮೊದಲನೆಯದು ಕಫ್‌ನ, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ಅಳತೆ. ನಮ್ಮ ಕಡೆಯ ಮುದುಕಿಯರ ತೋಳಿನ ಸುತ್ತಳತೆ ಅನೇಕ ಬಾರಿ ಇಪ್ಪತ್ತೊಂದು ಸೆಂಟಿಮೀಟರ್ ಕೂಡ ಮುಟ್ಟುವುದಿಲ್ಲ, ಯಂತ್ರದ ಜೊತೆ ಬರುವ ಕಫ್ ಇಪ್ಪತ್ತೆರಡರಿಂದ ಮೂವತ್ತೆರಡರ ತೋಳಿಗೆ ಹೊಲಿದದ್ದು. ಸಡಿಲ ಕಫ್ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮೊದಲ ಎರಡು ತಿಂಗಳ ಅಳತೆಗಳಲ್ಲಿ ಎಷ್ಟೋ ಜನರನ್ನು ನಾವು ಹಾಗೆಯೇ ಸರಿಯಿದ್ದಾರೆಂದು ಬರೆದುಕೊಂಡಿದ್ದೆವು. ಎಂಟುನೂರು ರೂಪಾಯಿಗೆ ಒಂದರಂತೆ ಆರು ಸಣ್ಣ ಕಫ್ ತರಿಸಿ ಅಷ್ಟೂ ಜನರನ್ನು ಮತ್ತೆ ಅಳೆದೆವು.

ಎರಡನೆಯದು ನಿಲ್ಲಿಸಿ ಅಳೆಯದೆ ಇದ್ದದ್ದು. ಎಂಬತ್ತು ದಾಟಿದವರಿಗೂ ಬಿ.ಪಿ. ಚಿಕಿತ್ಸೆಯಿಂದ ಲಾಭವಿದೆ ಎಂದು 2008ರಲ್ಲಿ ತೋರಿಸಿಕೊಟ್ಟ ಹೈವೆಟ್ ಅಧ್ಯಯನವನ್ನೂ, ಬಿ.ಪಿ.ಯ ಎರಡು ಅಂಕಿಗಳಲ್ಲಿ ಮೇಲಿನದನ್ನು 120ರ ಕೆಳಗೆ ತರಬೇಕೆಂದ ಸ್ಪ್ರಿಂಟ್ ಅಧ್ಯಯನವನ್ನೂ ನಾವೆಲ್ಲರೂ ಉಲ್ಲೇಖಿಸುತ್ತೇವೆ. ಆದರೆ ಆ ಎರಡರಲ್ಲೂ ಸೇರಿಸಿಕೊಳ್ಳುವ ಮೊದಲೇ ಪ್ರತಿಯೊಬ್ಬರನ್ನೂ ಎದ್ದು ನಿಲ್ಲಿಸಿ ಅಳೆದು, ನಿಂತಾಗ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದವರನ್ನು ಹೊರಗಿಟ್ಟಿದ್ದರು. ಸ್ಪ್ರಿಂಟ್‌ನಲ್ಲಿ ಆ ಗೆರೆ ಒಂದು ನಿಮಿಷ ನಿಂತ ಮೇಲೆ 110 ಆಗಿತ್ತು. ನಾವು ಹೊರರೋಗಿ ವಿಭಾಗದಲ್ಲಿ ಕೂರಿಸಿ ಅಳೆದು, ಅವರ ಗುರಿಯನ್ನು ಮಾತ್ರ ಎರವಲು ತರುತ್ತೇವೆ.

ಒಬ್ಬ ತೆಂಗಿನ ಬೆಳೆಗಾರರ ಮನೆಯಲ್ಲಿ ಇದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾಯಿತು. ವಯಸ್ಸು ಎಪ್ಪತ್ತೈದರ ಹತ್ತಿರ. ಮಲಗಿದ್ದಾಗ 162, ಎದ್ದು ನಿಂತ ಒಂದು ನಿಮಿಷಕ್ಕೆ 126, ಮೂರನೆಯ ನಿಮಿಷಕ್ಕೆ 118. ಸ್ಟೂಲಿನ ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಅವರ ಮೊಣಕೈ ಹಿಡಿದು ನಿಂತಿದ್ದರು. ಅಜ್ಜನ ಕಣ್ಣು ಮಾತ್ರ ಗೋಡೆಯ ಮೊಳೆಯೊಂದರ ಮೇಲೆ ನೆಟ್ಟು, ಕೇಳಿದ್ದಕ್ಕೆ ಉತ್ತರ ಬರುವುದು ತಡವಾಗುತ್ತಾ ಹೋಯಿತು. ಒಳಗಿನಿಂದ ಸೊಸೆ, "ಬೆಳಿಗ್ಗೆ ಎದ್ದ ತಕ್ಷಣ ಹಿಂಗೇ ಸಾರ್, ಗೋಡೆ ಹಿಡ್ಕೊಂಡು ನಿಂತ್ಕೊಂಡ್ಬಿಡ್ತಾರೆ, ಕೂಗಿದ್ರೂ ತಿರುಗಲ್ಲ, ಅರಳುಮರಳು ಅಂತ ಸುಮ್ಮನಿದ್ವಿ" ಎಂದರು. ಬಿ.ಪಿ.ಗೆ ಎರಡು ಔಷಧಿಗಳ ಒಂದು ಮಾತ್ರೆಯ ಜೊತೆಗೆ, ಮೂತ್ರದ ತೊಂದರೆಗೆಂದು ಬೇರೊಬ್ಬ ವೈದ್ಯರು ಕೊಟ್ಟಿದ್ದ, ತಾನೂ ಒತ್ತಡ ಇಳಿಸುವ ಪ್ರಜೋಸಿನ್ ಅನ್ನೂ ಅವರು ಬೆಳಿಗ್ಗೆ ಒಟ್ಟಿಗೆ ನುಂಗುತ್ತಿದ್ದರು. ಆ ವೈದ್ಯರೊಡನೆ ಮಾತಾಡಿ ಪ್ರಜೋಸಿನ್ ಬದಲಿಸಿ, ಉಳಿದದ್ದರ ಪ್ರಮಾಣವನ್ನೂ ಹೊತ್ತನ್ನೂ ಸರಿಪಡಿಸಿದ ಮೂರು ತಿಂಗಳಿಗೆ ಅವರು ಒಬ್ಬರೇ ಡೈರಿಗೆ ಹಾಲು ಹಾಕಿ ಬರುವಂತಾಗಿದ್ದರು. ಒಟ್ಟು 408 ಜನರಲ್ಲಿ ಹೀಗೆ ನಿಂತಾಗ ಇಪ್ಪತ್ತು ಅಂಕದಷ್ಟು ಅಥವಾ ಹೆಚ್ಚು ಇಳಿಯುವವರು ಎಂಬತ್ತಕ್ಕೂ ಹೆಚ್ಚು ಮಂದಿ ಸಿಕ್ಕರು. ನಿಲ್ಲಿಸಿ ಅಳೆಯುವುದಕ್ಕೆ ಐದು ನಿಮಿಷ ಹೆಚ್ಚು ಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು, ಬೇರೆ ಖರ್ಚಿಲ್ಲ.

ನೆನಪಿನ ಪರೀಕ್ಷೆಗೆ, ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದ ಹಿರಿಯರಿಗಾಗಿಯೇ ರೂಪಿಸಿದ ಹಿಂದಿ ಪರೀಕ್ಷೆಯ ಕನ್ನಡ ರೂಪವನ್ನು ಬಳಸಿದೆವು. ದಿನನಿತ್ಯದ ಸಾಮರ್ಥ್ಯದ ಬಗ್ಗೆ ಮನೆಯವರನ್ನು ಕೇಳುವ ಪ್ರಶ್ನಾವಳಿಯೂ ಅದೇ ಕೆಲಸದಿಂದ ಬಂದದ್ದು. ಪರೀಕ್ಷೆಯ ಅಂಕವನ್ನು ಮಾತ್ರ ನಂಬಿದರೆ ಶಾಲೆಗೆ ಹೋಗದವರೆಲ್ಲ ರೋಗಿಗಳಾಗುತ್ತಾರೆ. ಮನೆಯವರನ್ನು ಮಾತ್ರ ನಂಬಿದರೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎನ್ನುವ ಮಗನ ಮಾತಿನಲ್ಲಿ ನಿಜವಾದ ರೋಗಿಗಳೇ ತಪ್ಪಿಹೋಗುತ್ತಾರೆ. ಮಗನನ್ನು ಕೇಳುವುದನ್ನು ಆರು ತಿಂಗಳ ನಂತರ ನಾನು ನಿಲ್ಲಿಸಿದೆ. ಸೊಸೆಗೆ ಗೊತ್ತಿರುವಷ್ಟು ಅವನಿಗೆ ಗೊತ್ತಿರುವುದಿಲ್ಲ. ಆದರೆ ಅತ್ತೆ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಸೊಸೆ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಆ ಮಾತು ಹಿತ್ತಲಿನಲ್ಲೋ ನೀರಿನ ತೊಟ್ಟಿಯ ಬಳಿಯೋ ನಡೆಯಬೇಕು, ಕೇಳುವವರು ಹೆಂಗಸರಾಗಿರಬೇಕು. ಅಲ್ಲಿ ಮೊದಲು ಕೇಳುವ ಪ್ರಶ್ನೆಯೊಂದಿದೆ, ಅದು ನಮ್ಮ ಆಶಾ ಕಾರ್ಯಕರ್ತೆಯೊಬ್ಬರ ಸೃಷ್ಟಿ. ಮುಂದಿನ ಸುತ್ತಿನಲ್ಲೂ ಅದನ್ನು ಬಳಸಲಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಇದರ ನಡುವೆ ಒಂದು ಉಪಪ್ರಯೋಗವೂ ಹುಟ್ಟಿಕೊಂಡಿತು. ಜೂನ್ ಕೊನೆಯ ವಾರದ ಒಂದು ಭೇಟಿಯಲ್ಲಿ, ಇದು ಯಾವ ತಿಂಗಳು ಎಂದು ಕೇಳಿದ್ದಕ್ಕೆ ಅಜ್ಜಿಯೊಬ್ಬರು, "ಅದೆಲ್ಲ ನಂಗೇನ್ ಗೊತ್ತು ಸ್ವಾಮಿ, ಆರಿದ್ರೆ ಮಳೆ ಹುಟ್ಟಿ ನಾಕ್ ದಿನ ಆಯ್ತು" ಎಂದರು. ಅವರು ಹೇಳಿದ್ದು ದಿನದ ಲೆಕ್ಕಕ್ಕೆ ಸರಿಯಾಗಿತ್ತು. ನಡುವೆ ಪ್ರಶ್ನಾವಳಿಯನ್ನು ಬದಲಿಸುವಂತಿಲ್ಲವಾದ್ದರಿಂದ ನಿಯಮದಂತೆ ಸೊನ್ನೆಯನ್ನೇ ಹಾಕಿ, ಪಕ್ಕದಲ್ಲಿ ಬೇರೊಂದು ಕಾಲಂ ತೆರೆದು, ಅಲ್ಲಿಂದ ಮುಂದೆ ಎಲ್ಲರನ್ನೂ ಈಗ ನಡೆಯುತ್ತಿರುವ ಮಳೆ ಯಾವುದು, ಹಿಂದಿನ ಹಬ್ಬ ಯಾವುದು ಎಂದು ಕೇಳತೊಡಗಿದೆವು. ತಿಂಗಳನ್ನು ತಪ್ಪಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಳೆಯನ್ನು ಸರಿಯಾಗಿ ಹೇಳಿದರು. ಎರಡನ್ನೂ ತಪ್ಪಿದವರ ಮನೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಬಾರಿಯೂ ಸೊಸೆಯ ಬಳಿ ಹೇಳಿಕೊಳ್ಳಲು ದೊಡ್ಡ ಕಥೆಯಿರುತ್ತಿತ್ತು. ಜಮೀನಿಲ್ಲದ ಮನೆಗಳವರಿಗೆ ಈ ಪ್ರಶ್ನೆ ಅಷ್ಟು ಹೊಂದುವುದಿಲ್ಲ ಎಂಬುದನ್ನೂ ಗಮನಿಸಿದ್ದೇವೆ.

ಕಾಲಿನ ರಕ್ತನಾಳದ ಪರೀಕ್ಷೆ ಮತ್ತೊಂದು ಉಪಪ್ರಯೋಗ. ಇಪ್ಪತ್ತೆರಡು ಸಾವಿರಕ್ಕೆ ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಕೊಂಡು ಇನ್ನೂರರಷ್ಟು ಜನರಲ್ಲಿ ಕಣಕಾಲು ಮತ್ತು ತೋಳಿನ ಒತ್ತಡದ ಅನುಪಾತ ನೋಡಿದೆವು. ಅದು 0.9ಕ್ಕಿಂತ ಕಡಿಮೆ, ಅಂದರೆ ಕಾಲಿನ ರಕ್ತನಾಳ ಕಿರಿದಾದ ಸೂಚನೆ ಇದ್ದವರು ಮೂವತ್ತರಷ್ಟು, ಅವರಲ್ಲಿ ಹೆಚ್ಚಿನವರು ಬೀಡಿ ಸೇದುವ ಗಂಡಸರು, ಹಲವರು ಮಂಡಿ ನೋವೆಂದು ವರ್ಷಗಟ್ಟಲೆ ಮುಲಾಮು ಹಚ್ಚುತ್ತಿದ್ದವರು. ಒಬ್ಬರಿಗೆ ಹದಿನೈದು ನಿಮಿಷ ಹಿಡಿಯುತ್ತಿದ್ದುದರಿಂದ ಅಲ್ಲಿಗೇ ನಿಲ್ಲಿಸಿದೆವು. ನಾಡಿಯ ತಾಳ ತಪ್ಪುವುದನ್ನು ಬೆರಳಿನಲ್ಲಿ ಗುರುತಿಸಲು ಆಶಾ ಕಾರ್ಯಕರ್ತೆಯರಿಗೆ ಕಲಿಸಿದ್ದು ಮಾತ್ರ ಬಹಳ ಫಲ ಕೊಟ್ಟಿತು. ಅವರು ಸಂಶಯಪಟ್ಟ ಹತ್ತೊಂಬತ್ತು ಜನರಲ್ಲಿ ಎಂಟು ಜನರಿಗೆ ಇ.ಸಿ.ಜಿ.ಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುವ ತೊಂದರೆ, ಖಚಿತವಾಯಿತು.

ಒಪ್ಪಿಗೆ ಪತ್ರದ ವಿಷಯದಲ್ಲಿ ನಾನು ಊಹಿಸಿರದ ತೊಡಕು ಎದುರಾಯಿತು. ಓದು ಬಾರದವರಿಂದ ನಿಷ್ಪಕ್ಷಪಾತ ಸಾಕ್ಷಿಯ ಎದುರಿನಲ್ಲಿ ಹೆಬ್ಬೆಟ್ಟು ಪಡೆಯಬೇಕೆಂಬುದು ನಿಯಮ. ಆದರೆ ಹಳ್ಳಿಯಲ್ಲಿ ಮುದುಕರ ಹೆಬ್ಬೆಟ್ಟು ಎಂದರೆ ಜಮೀನು. ಒಂದು ಊರಿನಲ್ಲಿ ಆಸ್ತಿ ಬರೆಸಿಕೊಳ್ಳಲು ಬಂದಿದ್ದಾರೆಂಬ ಸುದ್ದಿ ಹಬ್ಬಿ, ಒಂದೇ ದಿನ ಹದಿನಾಲ್ಕು ಮನೆಗಳ ಬಾಗಿಲು ಮುಚ್ಚಿಕೊಂಡವು. ಆ ಭಯ ನ್ಯಾಯವಾದದ್ದೇ ಆಗಿತ್ತು. ಅಂದಿನಿಂದ ಮೊದಲ ಭೇಟಿಯಲ್ಲಿ ಮಸಿಯ ಡಬ್ಬಿಯನ್ನು ಹೊರಗೆ ತೆಗೆಯಲೇ ಇಲ್ಲ. ಪತ್ರವನ್ನು ಓದಿ ಹೇಳಿ, ಒಂದು ಪ್ರತಿ ಮನೆಯಲ್ಲೇ ಬಿಟ್ಟು, ಅಕ್ಷರ ಬಲ್ಲ ಮೊಮ್ಮಕ್ಕಳಿಂದ ಇನ್ನೊಮ್ಮೆ ಓದಿಸಿಕೊಳ್ಳಲು ಹೇಳಿ ಬಂದು, ವಾರದ ನಂತರ ಸಹಿಗೆ ಹೋಗುತ್ತಿದ್ದೆವು. ನೆನಪು ಕುಂದುತ್ತಿರುವವರ ವಿಷಯದಲ್ಲಿ ಪ್ರತಿ ವರ್ಷವೂ ಹೊಸದಾಗಿ ವಿವರಿಸಿ, ಅರ್ಥವಾಗದಿದ್ದರೆ ಮನೆಯವರ ಒಪ್ಪಿಗೆ ಪಡೆದು, ಅವರು ಬೇಡವೆಂದು ಕೈ ಎಳೆದುಕೊಂಡರೆ ಅಲ್ಲಿಗೇ ಬಿಟ್ಟು ಬಂದಿದ್ದೇವೆ.

ಜನ ಕೈತಪ್ಪಿ ಹೋಗುವುದಕ್ಕೆ ಮುಖ್ಯ ಕಾರಣ ಮಕ್ಕಳ ಮನೆಯ ಸರದಿ. ಮೂರು ತಿಂಗಳು ಹಿರಿಮಗನ ಮನೆ, ಮೂರು ತಿಂಗಳು ಪೀಣ್ಯದಲ್ಲಿ ಕೆಲಸಕ್ಕಿರುವ ಕಿರಿಮಗನ ಮನೆ, ನಡುವೆ ಬಾಣಂತನಕ್ಕೆ ಮಗಳ ಮನೆ. ಎಲ್ಲ ಮಕ್ಕಳ ದೂರವಾಣಿಯನ್ನೂ ಸರದಿಯ ತಿಂಗಳನ್ನೂ ಮೊದಲ ದಿನವೇ ಬರೆದುಕೊಂಡು, ತಿಂಗಳಿಗೆ ಒಂದು ಭಾನುವಾರ ಬೆಂಗಳೂರಿನ ಭೇಟಿಗಳಿಗೆಂದೇ ಮೀಸಲಿಟ್ಟೆವು. ಮೂರು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ದಾಖಲೆಗಳು ಉಳಿದದ್ದು ಈ ಭಾನುವಾರಗಳಿಂದ. ಯಾವ ಮನೆಗೆ ಯಾವ ಹೊತ್ತಿಗೆ ಹೋದರೆ ಹಿರಿಯರೂ ಸೊಸೆಯೂ ಇಬ್ಬರೂ ಸಿಗುತ್ತಾರೆಂಬ ಪಟ್ಟಿಯನ್ನು ಹೇಗೆ ತಯಾರಿಸಿದೆವು ಎಂಬುದನ್ನು ನಮ್ಮ ಜೊತೆ ಕೆಲಸ ಮಾಡಲು ಬರುವವರಿಗೆ ಕಲಿಸುತ್ತೇನೆ.

ಇನ್ನು ಹಣದ ಲೆಕ್ಕ. ಮೂರು ವರ್ಷಕ್ಕೆ ಒಟ್ಟು ಖರ್ಚು ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ. ಪೂರ್ಣ ಭೇಟಿಗೆ ಸುಮಾರು 450 ರೂಪಾಯಿ, ನಡುವೆ ಬಿ.ಪಿ. ಮಾತ್ರ ನೋಡುವ ಭೇಟಿಗೆ 60 ರೂಪಾಯಿ ಬಿತ್ತು. ಶಿಬಿರದ 2,300 ಎರಡು ಭೇಟಿಗಳ ದಾಖಲೆಗೆ ತಗುಲಿದ್ದು ಎಂಬುದನ್ನು ನೆನಪಿಟ್ಟು, ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ನಾಲ್ಕು ಲಕ್ಷ ಒಂದು ಸಣ್ಣ ಅನುದಾನದಿಂದ ಬಂತು, ಎರಡು ಲಕ್ಷದಷ್ಟನ್ನು ಗೆಳೆಯರು ಕೊಟ್ಟರು, ಉಳಿದದ್ದು ನನ್ನ ಉಳಿತಾಯ. ವ್ಯರ್ಥವಾದ ದೊಡ್ಡ ಮೊತ್ತವೆಂದರೆ ಟ್ಯಾಬ್ಲೆಟ್‌ಗಳಿಗೆ ಹಾಕಿದ ಅರವತ್ತು ಸಾವಿರ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಒಂದೇ ಮಧ್ಯಾಹ್ನ ಇಪ್ಪತ್ತಮೂರು ಸಂದರ್ಶನಗಳು ಅಳಿಸಿಹೋದ ಮೇಲೆ ಕಾಗದಕ್ಕೆ ಮರಳಿ, ಪ್ರತಿಯೊಂದನ್ನೂ ಇಬ್ಬರಿಂದ ಬೇರೆ ಬೇರೆಯಾಗಿ ಗಣಕಕ್ಕೆ ತುಂಬಿಸಿ ತಾಳೆ ನೋಡುವ ಪದ್ಧತಿಗೆ ಅಂಟಿಕೊಂಡೆವು.

ಬಿ.ಪಿ. ಇದ್ದವರಲ್ಲಿ 140ರ ಕೆಳಗೆ ಇದ್ದವರು ಆರಂಭದಲ್ಲಿ ಕಾಲುಭಾಗ, ಕೊನೆಯಲ್ಲಿ ಅರ್ಧಕ್ಕಿಂತ ಸಾಕಷ್ಟು ಹೆಚ್ಚು. ಬಿ.ಪಿ. ಹತೋಟಿಗೆ ಬಂದದ್ದರಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ, 408 ಜನರಿಂದ ಆ ಮಾತು ಹೇಳಲು ಬರುವುದಿಲ್ಲ. ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಸ್ಪ್ರಿಂಟ್‌ನಲ್ಲೇ ಸೌಮ್ಯ ಮರೆವು ಕಡಿಮೆಯಾದದ್ದು ಸ್ಪಷ್ಟವಾಗಿ ಕಂಡರೂ ಡಿಮೆನ್ಷಿಯಾದ ಲೆಕ್ಕ ನಿಸ್ಸಂದೇಹವಾಗಿರಲಿಲ್ಲ. ಅದನ್ನು ತೋರಿಸಲು ಚೀನಾದವರಿಗೆ 326 ಹಳ್ಳಿಗಳೂ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಜನರೂ ಬೇಕಾದರು, ಮತ್ತು ಅಲ್ಲಿ ಬಿ.ಪಿ. ನೋಡಿಕೊಂಡವರು ಹಳ್ಳಿಯ ವೈದ್ಯ ಕಾರ್ಯಕರ್ತರೇ. ನಾನು ಹೇಳಬಲ್ಲದ್ದು, ನಮ್ಮ ಹಳ್ಳಿಗಳಲ್ಲೂ ಅಂಥ ಅಧ್ಯಯನಕ್ಕೆ ಬೇಕಾದ ಜನರನ್ನು ಕೊನೆಯವರೆಗೆ ಉಳಿಸಿಕೊಳ್ಳಬಹುದು ಎಂಬುದನ್ನು. ಕಡತ ಮುಚ್ಚಿದ್ದ ಆ ಹಿರಿಯರಿಗೆ ಇದೇ ಫಲಿತಾಂಶವನ್ನು ಕಳುಹಿಸಿದ್ದೆ. ಸತ್ತ 61 ಜನರ ಸಾವಿನ ಕಾರಣವನ್ನು ಹೇಗೆ ನಿರ್ಧರಿಸಿದಿರಿ ಎಂದು ಅವರು ಕೇಳಿದ್ದಾರೆ. ಸರಿಯಾದ ಪ್ರಶ್ನೆಯೇ. ಅರ್ಧದಷ್ಟು ಸಾವುಗಳಿಗೆ ಆಸ್ಪತ್ರೆಯ ಕಾಗದಗಳಿಲ್ಲದ್ದರಿಂದ, ಈಗ ಎರಡು ತಿಂಗಳಿಂದ ಆ ಮನೆಗಳಿಗೆ ಮತ್ತೆ ಹೋಗಿ, ಕೊನೆಯ ದಿನಗಳ ವಿವರವನ್ನು ಸೊಸೆಯಂದಿರಿಂದ ಕೇಳಿ ಬರೆದುಕೊಳ್ಳುತ್ತಿದ್ದೇವೆ. ಇನ್ನೂ ಹದಿನೇಳು ಮನೆಗಳು ಬಾಕಿ ಇವೆ.