ಕಾಣದ ಓರ್ಕಾಗಳನ್ನು ಲೆಕ್ಕಕ್ಕೆ ತರುವುದು: ನನ್ನ ಅನುಭವ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಂಕೂವರ್ ದ್ವೀಪಕ್ಕೂ ಅದರ ಈಶಾನ್ಯಕ್ಕಿರುವ ಮುಖ್ಯಭೂಮಿಗೂ ನಡುವಿನ ಜಾನ್‌ಸ್ಟನ್ ಜಲಸಂಧಿಯಲ್ಲಿ ನಾನು ಮೂರು ಬೇಸಿಗೆ ಓರ್ಕಾಗಳ, ಅಂದರೆ ‘ಕಿಲ್ಲರ್ ವೇಲ್’ ಎಂದೂ ಕರೆಯುವ ಕಡಲ ಸಸ್ತನಿಗಳ, ಗಣತಿಯ ಕೆಲಸ ಮಾಡಿದ್ದೇನೆ. ಆಮೇಲಿನ ಒಂದು ಋತುವನ್ನು ತೆರೆದ ಕಡಲಿನ ಸಮೀಕ್ಷಾ ಹಡಗಿನಲ್ಲಿ ವೀಕ್ಷಕನಾಗಿ ಕಳೆದೆ. ಊರಿಗೆ ಬಂದಾಗಲೆಲ್ಲ ಬಂಧುಗಳು ಕೇಳುವ ಪ್ರಶ್ನೆ ಒಂದೇ: ಬದುಕಿನ ಬಹುಪಾಲನ್ನು ನೀರಿನಡಿಯಲ್ಲಿ ಕಳೆದು, ಉಸಿರಾಡಲು ಮಾತ್ರ ಮೇಲೆ ಬರುವ ಪ್ರಾಣಿಯನ್ನು ಎಣಿಸುವುದಾದರೂ ಹೇಗೆ? ಕಂಡದ್ದನ್ನು ಎಣಿಸುವುದು ಈ ಕೆಲಸದ ಸುಲಭದ ಭಾಗ. ಕಾಣದೆ ಹೋದದ್ದಕ್ಕೆ ಏನು ಅರ್ಥ ಎಂದು ತೀರ್ಮಾನಿಸುವುದರಲ್ಲಿಯೇ ನಮ್ಮ ಶ್ರಮವೆಲ್ಲ ಹೋಗುತ್ತದೆ.

1960ರ ದಶಕದಿಂದ ಈ ಕರಾವಳಿಯಲ್ಲಿ ಓರ್ಕಾಗಳನ್ನು ಜೀವಂತ ಹಿಡಿದು ಅಕ್ವೇರಿಯಂಗಳಿಗೆ ಮಾರಲಾಗುತ್ತಿತ್ತು. ಸಾವಿರಾರು ಇರುವಾಗ ಕೆಲವನ್ನು ಹಿಡಿದರೆ ನಷ್ಟವೇನು ಎಂಬುದು ಆಗಿನ ನಂಬಿಕೆ. ಕೆನಡಾ ಸರ್ಕಾರದ ವಿಜ್ಞಾನಿ ಮೈಕೆಲ್ ಬಿಗ್ 1971ರ ಜುಲೈ 26ರಂದು ಒಂದೇ ದಿನದ ಗಣತಿಯನ್ನು ಏರ್ಪಡಿಸಿ, ಮೀನುಗಾರರಿಗೆ, ದೀಪಸ್ತಂಭದ ಕಾವಲುಗಾರರಿಗೆ, ದೋಣಿ ನಡೆಸುವವರಿಗೆ ಸುಮಾರು 15,000 ಪ್ರಶ್ನಾವಳಿಗಳನ್ನು ಹಂಚಿದರು. ಬಂದ ಉತ್ತರಗಳ ಪ್ರಕಾರ ಅಲ್ಲಿದ್ದ ಓರ್ಕಾಗಳು 200ರಿಂದ 350 ಮಾತ್ರ. ಆ ಸಂಖ್ಯೆಯನ್ನು ಹಲವರು ನಂಬಲಿಲ್ಲ. ಆದರೆ ಮುಂದೆ ಬಿಗ್ ಮತ್ತು ಅವರ ಸಹೋದ್ಯೋಗಿಗಳು ಪ್ರತಿಯೊಂದು ಪ್ರಾಣಿಯನ್ನೂ ಫೋಟೊದಿಂದ ಗುರುತಿಸುವ ವಿಧಾನವನ್ನು ರೂಪಿಸಿದಾಗ ಆ ಅಂದಾಜು ಸರಿಯಾಗಿಯೇ ಇತ್ತೆಂಬುದು ಖಚಿತವಾಯಿತು. ನಾನು ಕಲಿತದ್ದು ಆ ಫೋಟೊ ವಿಧಾನವನ್ನೇ.

ಓರ್ಕಾದ ಬೆನ್ನಿನ ಮೇಲಿನ ಈಜುರೆಕ್ಕೆಯ ಹಿಂಬದಿ ಅಂಚಿನಲ್ಲಿ ಕಚ್ಚುಗಳಿರುತ್ತವೆ. ರೆಕ್ಕೆಯ ಬುಡದ ಹಿಂದೆ, ಕುದುರೆಯ ಮೇಲೆ ಜೀನು ಹಾಕಿದಂತೆ, ಬೂದು ಬಣ್ಣದ ಮಚ್ಚೆಯೊಂದಿರುತ್ತದೆ. ಅದರ ಆಕಾರ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಹಳೆಯ ಗೀರುಗಳು ಅದರ ಮೇಲೆ ಎದ್ದು ಕಾಣುತ್ತವೆ. ನಾವು ದೋಣಿಯನ್ನು ಗುಂಪಿಗೆ ಸಮಾನಾಂತರವಾಗಿ, ಅವುಗಳದೇ ವೇಗದಲ್ಲಿ ನಡೆಸಿ, ಪ್ರತಿಯೊಂದರ ಎಡಮಗ್ಗುಲಿನ ಚಿತ್ರ ತೆಗೆಯುತ್ತಿದ್ದೆವು. ಒಂದು ಗುಂಪು ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ನನ್ನ ಅಂಗೈಯ ಒಂದು ಚಿತ್ರ ತೆಗೆಯಬೇಕಿತ್ತು. ಸಂಜೆ ನೂರಾರು ಚಿತ್ರಗಳ ನಡುವೆ ಆ ಅಂಗೈ ಬಂದಲ್ಲಿ ಗುಂಪು ಬದಲಾಗಿದೆ ಎಂದು ತಿಳಿಯುತ್ತಿತ್ತು. ರಾತ್ರಿ, ಈಗಾಗಲೇ ಗುರುತಾದ ಓರ್ಕಾಗಳ ಎಡಮಗ್ಗುಲಿನ ಚಿತ್ರಗಳ ಕ್ಯಾಟಲಾಗನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಹೋಲಿಸುವ ಕೆಲಸಕ್ಕೆ ಸಮುದ್ರದಲ್ಲಿ ಕಳೆದ ಸಮಯಕ್ಕಿಂತ ಹೆಚ್ಚು ಸಮಯ ಬೇಕಾಗುತ್ತಿತ್ತು.

ಎಡಮಗ್ಗುಲೇ ಏಕೆ ಎಂಬುದು ನನಗೆ ಒಂದು ತಪ್ಪಿನಿಂದ ಮನದಟ್ಟಾಯಿತು. ಮೊದಲ ಬೇಸಿಗೆಯಲ್ಲಿ, ಮಂಜು ಕವಿದ ಒಂದು ಮಧ್ಯಾಹ್ನ, ಬೆಳಕು ಬಲಗಡೆಯಿಂದ ಮಾತ್ರ ಚೆನ್ನಾಗಿದ್ದುದರಿಂದ ಒಂದು ಹೆಣ್ಣು ಓರ್ಕಾದ ಬಲಮಗ್ಗುಲನ್ನು ತೆಗೆದಿದ್ದೆ. ಅದರ ಮಚ್ಚೆ ಕ್ಯಾಟಲಾಗಿನ ಯಾವ ಚಿತ್ರಕ್ಕೂ ಹೊಂದದಿದ್ದಾಗ ಹೊಸ ಪ್ರಾಣಿಯೆಂದೇ ದಾಖಲಿಸಿಬಿಟ್ಟೆ. ಎರಡು ದಿನಗಳ ನಂತರ ನಮ್ಮ ತಂಡದ ಹಿರಿಯರು ಆ ಚಿತ್ರವನ್ನು ದೊಡ್ಡದು ಮಾಡಿ, ರೆಕ್ಕೆಯ ತುದಿಗಿಂತ ತುಸು ಕೆಳಗಿದ್ದ ಉಗುರಿನಷ್ಟು ಚಿಕ್ಕ ಕಚ್ಚನ್ನು ತೋರಿಸಿದರು. ಆ ಕಚ್ಚು ನಾನು ಅದೇ ವಾರ ಎಡಮಗ್ಗುಲಿನಿಂದ ತೆಗೆದಿದ್ದ ಒಂದು ತಾಯಿ ಓರ್ಕಾದ್ದು. ಕಚ್ಚು ಎರಡೂ ಕಡೆಯಿಂದ ಕಾಣುತ್ತದೆ, ಮಚ್ಚೆ ಮಾತ್ರ ಎರಡು ಮಗ್ಗುಲಲ್ಲಿ ಬೇರೆ ಬೇರೆ. ಒಂದೇ ಪ್ರಾಣಿ ನನ್ನ ಪಟ್ಟಿಯಲ್ಲಿ ಎರಡಾಗಿ ನಿಂತಿತ್ತು. ಕೆಲವೇ ನೂರು ಪ್ರಾಣಿಗಳಿರುವ ಕಡೆ, ಅದೂ ಮರಿ ಹೆರುವ ಹೆಣ್ಣುಗಳ ಲೆಕ್ಕದಲ್ಲಿ, ಹೀಗೆ ಒಂದು ಹೆಚ್ಚಾದರೂ ಅದು ಸಣ್ಣ ತಪ್ಪಾಗುವುದಿಲ್ಲ.

ಈ ಜಲಸಂಧಿಗೆ ಸಾಲ್ಮನ್ ಮೀನಿಗಾಗಿ ಬರುವ ಉತ್ತರದ ‘ನಿವಾಸಿ’ (ಮೀನು ತಿಂದು ಬದುಕುವ ಬಗೆಯ) ಓರ್ಕಾಗಳು ಈಗ 300ಕ್ಕೂ ಹೆಚ್ಚಿವೆ. ಇಲ್ಲಿ ನಾವು ಅಂದಾಜು ಮಾಡುವುದಿಲ್ಲ, ಒಂದೊಂದನ್ನೇ ಎಣಿಸುತ್ತೇವೆ. ಅದು ಸಾಧ್ಯವಾಗುವುದು ಅವುಗಳ ಕುಟುಂಬಪದ್ಧತಿಯಿಂದ. ಮಗಳಾಗಲಿ ಮಗನಾಗಲಿ ತಾಯಿಯ ಗುಂಪನ್ನು ಬಿಟ್ಟು ಹೋಗುವುದಿಲ್ಲ. ಆರಡಿ ಎತ್ತರದ ರೆಕ್ಕೆ ಬೆಳೆಸಿಕೊಂಡ ಗಂಡು ಸಹ ತಾಯಿಯ ಪಕ್ಕದಲ್ಲೇ ಈಜುತ್ತದೆ. ಹಾಗಾಗಿ ತಾಯಿ, ತಂಗಿಯರು ಎಲ್ಲರೂ ಕಂಡು ಒಬ್ಬ ಮಗ ಮಾತ್ರ ಕಾಣದಿದ್ದರೆ ಅದು ಬೇರೆಲ್ಲೋ ಹೋಗಿದೆ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಮೂರನೆಯ ಬೇಸಿಗೆಯಲ್ಲಿ ಒಂದು ಕುಟುಂಬವನ್ನು ನಾವು ಐದು ಬಾರಿ ಭೇಟಿಯಾದೆವು. ಪ್ರತಿ ಬಾರಿಯೂ ಹಿರಿಯ ಗಂಡಿನ ಜಾಗ ಖಾಲಿಯಿತ್ತು. ಮೊದಲ ಭೇಟಿಯಲ್ಲಿ ದೂರದಲ್ಲಿ ಮೀನು ಹಿಡಿಯುತ್ತಿರಬಹುದು ಎಂದುಕೊಂಡು ಒಂದು ಗಂಟೆ ಹೆಚ್ಚು ಕಾದೆವು. ಐದನೆಯ ಬಾರಿ ಯಾರೂ ಅದರ ಮಾತೆತ್ತಲಿಲ್ಲ. ಕುಟುಂಬದ ಎಲ್ಲರ ಚಿತ್ರವೂ ಸ್ಪಷ್ಟವಾಗಿ ಸಿಕ್ಕಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿ, ಅದರ ಸಂಖ್ಯೆಯ ಮುಂದೆ ‘ಕಾಣೆ’ ಎಂದು ಬರೆದ ದಿನ ನನಗೆ ಊಟ ಸೇರಲಿಲ್ಲ. ದೇಹ ಸಿಗುವುದು ಬಹಳ ಅಪರೂಪ. ಬಹುತೇಕ ಸಾವುಗಳು ನಮಗೆ ತಿಳಿಯುವುದು ಹೀಗೆಯೇ.

ತೆರೆದ ಕಡಲಿನ ಓರ್ಕಾಗಳಿಗೆ ಈ ವಿಧಾನ ಸಾಲದು, ಏಕೆಂದರೆ ಅವೆಲ್ಲವೂ ಒಂದು ವರ್ಷದಲ್ಲಿ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅಲ್ಲಿ ಮರುಗುರುತಿಸುವಿಕೆಯ ಲೆಕ್ಕ ನೆರವಿಗೆ ಬರುತ್ತದೆ. ಉದಾಹರಣೆಗೆ, ಮೊದಲ ಸಲ 40 ಪ್ರಾಣಿಗಳನ್ನು ಗುರುತಿಸಿ, ಎರಡನೆಯ ಸಲ ಕಂಡ 50ರಲ್ಲಿ 20 ಹಳೆಯವೇ ಆಗಿದ್ದರೆ, 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದಾಗ ಒಟ್ಟು 100 ಎಂಬ ಅಂದಾಜು ಬರುತ್ತದೆ. ಎಲ್ಲ ಪ್ರಾಣಿಗಳೂ ಸಿಗುವ ಸಾಧ್ಯತೆ ಒಂದೇ ಆಗಿದ್ದರೆ ಮಾತ್ರ ಇದು ಸರಿ. ದೋಣಿಯ ಹತ್ತಿರ ಬರುವ ಸ್ವಭಾವದವು ಪದೇ ಪದೇ ಸಿಕ್ಕಿ, ದೂರ ಸರಿಯುವಂಥವು ಸಿಗದೇ ಹೋದರೆ ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಹಡಗಿನ ಸಮೀಕ್ಷೆಯಲ್ಲಿ ಯಾವ ಪ್ರಾಣಿಯ ಗುರುತೂ ಬೇಕಿಲ್ಲ. ನಕ್ಷೆಯ ಮೇಲೆ ಮೊದಲೇ ಎಳೆದ ನೇರಗೆರೆಗಳ ಮೇಲೆ ಹಡಗು ಸಾಗುತ್ತದೆ. ಉಸಿರಿನ ತುಂತುರು ಕಂಡೊಡನೆ ಹಡಗಿನ ದಿಕ್ಕಿನಿಂದ ಅದು ಎಷ್ಟು ಕೋನದಲ್ಲಿದೆ ಎಂದು ಕೋನಫಲಕದಲ್ಲಿ ಓದುತ್ತೇವೆ. ಬೈನಾಕ್ಯುಲರ್‌ನೊಳಗಿನ ಅಳತೆಗೆರೆಗಳಲ್ಲಿ ಅದು ದಿಗಂತಕ್ಕಿಂತ ಎಷ್ಟು ಕೆಳಗಿದೆ ಎಂದು ನೋಡಿ ದೂರ ಲೆಕ್ಕಹಾಕುತ್ತೇವೆ. ಈ ಎರಡರಿಂದ ಗೆರೆಗೂ ಪ್ರಾಣಿಗೂ ಇರುವ ಲಂಬದೂರ ಸಿಗುತ್ತದೆ. ಗೆರೆಯಿಂದ ದೂರವಾದಷ್ಟೂ ಕಾಣುವ ಗುಂಪುಗಳು ಕಡಿಮೆಯಾಗುತ್ತವೆ. ಆ ಇಳಿಕೆಯ ವಕ್ರರೇಖೆಯೇ ನಾವು ಎಷ್ಟನ್ನು ತಪ್ಪಿಸಿಕೊಂಡೆವು ಎಂಬುದನ್ನು ತಿಳಿಸುತ್ತದೆ. 1,000 ಕಿಲೋಮೀಟರ್ ಸಾಗಿ, ಒಂದೊಂದು ಬದಿಗೂ ಪರಿಣಾಮಕಾರಿಯಾಗಿ 2 ಕಿಲೋಮೀಟರ್ ನೋಡಿದೆವು ಎನ್ನಿ, ನೋಡಿದ್ದು 4,000 ಚದರ ಕಿಲೋಮೀಟರ್. ಅದರಲ್ಲಿ ಐದೈದರ ಎಂಟು ಗುಂಪು ಕಂಡರೆ 40 ಓರ್ಕಾ. 60,000 ಚದರ ಕಿಲೋಮೀಟರಿಗೆ ಅದು 600. ಲೆಕ್ಕ ಸರಳವಾಗಿದ್ದರೂ ಎಂಟು ಗುಂಪುಗಳ ಆಧಾರದ ಮೇಲೆ ನಿಂತ ಸಂಖ್ಯೆಯನ್ನು ನಾನು ಒಪ್ಪುವುದಿಲ್ಲ. ವಕ್ರರೇಖೆ ನಂಬಿಕೆಗೆ ಅರ್ಹವಾಗಲು 60ರಿಂದ 80 ಗುಂಪುಗಳಾದರೂ ಬೇಕೆಂಬುದು ಈ ಕ್ಷೇತ್ರದ ರೂಢಿ. ಓರ್ಕಾ ವಿರಳವಾದುದರಿಂದ ಹಲವು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸದೆ ಅದು ಆಗುವುದಿಲ್ಲ.

ಇದಲ್ಲದೆ, ಹಡಗು ನೇರವಾಗಿ ಮೇಲೆ ಹಾದುಹೋದರೂ ಪ್ರಾಣಿ ಮುಳುಗಿದ್ದರೆ ಕಾಣುವುದಿಲ್ಲ. ಸೀಲ್‌ಗಳನ್ನು ಬೇಟೆಯಾಡುವ, ಮೈಕೆಲ್ ಬಿಗ್ ಅವರ ಹೆಸರಿನಿಂದ ಕರೆಯುವ ಬಿಗ್ ಓರ್ಕಾಗಳು ಐದಾರು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಮುಳುಗಿರುತ್ತವೆ. ಆ ಪಾಲನ್ನು ತಿದ್ದಲು ಇನ್ನೊಂದು ವೀಕ್ಷಕ ತಂಡವನ್ನು ಪ್ರತ್ಯೇಕವಾಗಿ ಕೂರಿಸಿ, ಒಂದು ತಂಡ ಕಂಡದ್ದನ್ನು ಇನ್ನೊಂದು ಎಷ್ಟು ಬಾರಿ ತಪ್ಪಿಸಿಕೊಂಡಿತು ಎಂದು ಹೋಲಿಸುತ್ತಿದ್ದೆವು. ಗಾಳಿ ಎದ್ದು ಬಿಳಿ ನೊರೆ ಹೆಚ್ಚಿದಾಗ ಸಮೀಕ್ಷೆ ನಿಲ್ಲಿಸಬೇಕಿತ್ತು. ಹಡಗಿನ ಖರ್ಚನ್ನು ನೆನೆದು ಮುಂದುವರಿಸುವ ಆಸೆಯಾಗುತ್ತದೆ. ಆದರೆ ಅಂಥ ದಿನಗಳ ದತ್ತಾಂಶ ಉಳಿದದ್ದನ್ನೂ ಕೆಡಿಸುತ್ತದೆ.

ಓರ್ಕಾಗಳು ಎಲ್ಲೆಲ್ಲಿ ಓಡಾಡುತ್ತವೆ ಎಂಬ ವ್ಯಾಪ್ತಿಯ ನಕ್ಷೆ ಬರೆಯುವಾಗ ಇನ್ನೂ ಎಚ್ಚರ ಬೇಕು. ಜನ ಕಳಿಸುವ ವರದಿಗಳನ್ನು ಹಾಗೆಯೇ ಗುರುತಿಸಿದರೆ ಓರ್ಕಾಗಳು ಬೇಸಿಗೆಯಲ್ಲಿ, ದೋಣಿಗಳು ಓಡಾಡುವ ಬಂದರುಗಳ ಪಕ್ಕದಲ್ಲಿ ಮಾತ್ರ ಇರುವಂತೆ ಕಾಣುತ್ತದೆ. ದಕ್ಷಿಣದ ನಿವಾಸಿ ಗುಂಪುಗಳ ಚಳಿಗಾಲದ ದಾರಿ ಬಹುಕಾಲ ಅಸ್ಪಷ್ಟವಾಗಿತ್ತು. 2000ದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತೆಗೆದ ಚಿತ್ರಗಳಲ್ಲಿ ಅವುಗಳ ಗುರುತು ಸಿಕ್ಕಾಗಲೇ ಅವು ಅಷ್ಟು ದೂರ ಹೋಗುತ್ತವೆಂದು ತಿಳಿದದ್ದು. ಚಳಿಗಾಲಕ್ಕೆ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕ್ರೊಫೋನ್, ದೊಡ್ಡ ಆಸರೆ, ಏಕೆಂದರೆ ನಿವಾಸಿ ಓರ್ಕಾಗಳ ಒಂದೊಂದು ಗುಂಪಿಗೂ ತನ್ನದೇ ಉಲಿಗಳ ಬಗೆಯಿದ್ದು, ಕೇಳಿಯೇ ಗುಂಪನ್ನು ಹೇಳಬಹುದು. ಬಿಗ್ ಓರ್ಕಾಗಳಾದರೋ ಬೇಟೆಯ ವೇಳೆ ಮೌನವಾಗಿರುತ್ತವೆ. ಹೀಗಾಗಿ ಧ್ವನಿಮುದ್ರಣದ ನಿಶ್ಶಬ್ದ ದಿನವನ್ನು ಅವು ಇಲ್ಲದ ದಿನವೆಂದು ಬರೆಯಲಾಗದು.

ಈ ಕಾರಣಕ್ಕೆ ನಮ್ಮ ದಿನವಹಿಯಲ್ಲಿ ಏನೂ ಕಾಣದ ದಿನಗಳಿಗೂ ಪೂರ್ತಿ ಹಾಳೆಯಿರುತ್ತಿತ್ತು: ಹೊರಟ ಹೊತ್ತು, ಸಾಗಿದ ದೂರ, ಗಾಳಿ, ಮಂಜು, ಎಷ್ಟು ಜನ ಎಷ್ಟು ಗಂಟೆ ನೋಡಿದರು ಎಂಬುದೆಲ್ಲ. ಹೊಸಬರು ಬಂದಾಗ ನಾನು ಮೊದಲು ತುಂಬಿಸುತ್ತಿದ್ದುದು ಆ ಹಾಳೆಯನ್ನೇ. ಸೊನ್ನೆಯ ಪಕ್ಕದಲ್ಲಿ ಗಂಟೆಗಳನ್ನು ಬರೆಯಲು ಮರೆತವರನ್ನು ಅಂದು ಸಂಜೆಯೇ ಕೂರಿಸಿ, ನೆನಪಿದ್ದಾಗಲೇ ಬರೆಸುತ್ತಿದ್ದೆ.