ಹೆಗಡೆಯೊಳಗಿನ ಒಂದು ‘ಎ’: ಜರ್ಮನಿಯಲ್ಲಿ ಮದುವೆಯಾಗೋಕೆ ನಾನು ಕಾಗದ ಹೊಂದಿಸಿದ್ದು

ಸಿರ್ಸಿ ತಾಲೂಕಿನ ಒಂದು ಹಳ್ಳಿ ನನ್ನದು. ಗಂಡ ಜರ್ಮನಿಯವನು. ಬೆಂಗಳೂರಿನ ಆಫೀಸಲ್ಲಿ ಪರಿಚಯ ಆದವನು, ಆಮೇಲೆ ಅವನು ತನ್ನ ದೇಶಕ್ಕೆ ವಾಪಸ್ ಹೋದ, ನಾನು ಕೊರೊನಾ ಟೈಮಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. 2022ರ ಜನವರಿಯಲ್ಲಿ ಕಾಗದದ ಓಡಾಟ ಶುರು ಮಾಡಿದೆವು. ಮದುವೆ ಆಗಿದ್ದು 2023ರ ಜೂನ್‌ನಲ್ಲಿ. ಒಂದೂವರೆ ವರ್ಷ. ಅದರಲ್ಲಿ ಕಡಿಮೆ ಅಂದ್ರೂ ಆರು ತಿಂಗಳು ನಾನೇ ಕೈಯಾರೆ ಕಳೆದುಕೊಂಡಿದ್ದು. ನಮ್ಮ ಕಡೆಯ ಒಂದಿಬ್ಬರು ಹುಡುಗಿಯರು ಈಚೆಗೆ ಇದೇ ವಿಷಯ ಕೇಳಿದರು, ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೆದಿಡ್ತಿದ್ದೇನೆ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ: ಇಲ್ಲೇ ಆಗಬಹುದಿತ್ತಲ್ವಾ? ಹೌದು, ಆಗಬಹುದಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇರಬೇಕು, ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಹಚ್ಚುತ್ತಾರೆ, 30 ದಿನ ಯಾರೂ ತಕರಾರು ತೆಗೆಯದಿದ್ದರೆ ಮದುವೆ. ಕಾಗದದ ಲೆಕ್ಕದಲ್ಲಿ ಇದು ಎಷ್ಟೋ ಸುಲಭ. ಜರ್ಮನಿಯಲ್ಲಿರೋ ಜೋಡಿಗಳು ಪಕ್ಕದ ಡೆನ್ಮಾರ್ಕ್‌ಗೆ ಹೋಗಿ ಮದುವೆಯಾಗಿ ಬರೋದೂ ಇದೆ. ಆದರೆ ಅವನ ಅಜ್ಜಿಗೆ ಆಗ 88 ವರ್ಷ. ವಿಮಾನ ಹತ್ತೋ ಸ್ಥಿತಿಯಲ್ಲಿ ಇರಲಿಲ್ಲ. ಅಜ್ಜಿ ಎದುರು ಆಗಬೇಕು ಅನ್ನೋದು ಅವನ ಒಂದೇ ಆಸೆ, ನಮ್ಮ ಆಯಿಗೂ (ಅಮ್ಮನಿಗೂ) ಅದು ಸರಿ ಅನಿಸಿತು. ‘ಜರ್ಮನಿ ಮಾಣಿ’ ಅಂತ ಅವನಿಗೆ ಹೆಸರಿಟ್ಟವಳು ಅವಳೇ, ಮಾಣಿ ಅಂದ್ರೆ ನಮ್ಮ ಕಡೆ ಹುಡುಗ.

ಈಗ ಹೆಸರಿನ ಕತೆ. ನಮ್ಮ ಕಡೆ ಹೆಗಡೆ ಅಂತ ಕನ್ನಡದಲ್ಲಿ ಬರೆಯೋಕೆ ಯಾರಿಗೂ ತೊಂದರೆ ಇಲ್ಲ. ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಜಿ’ಗೂ ‘ಡಿ’ಗೂ ನಡುವೆ ಒಂದು ‘ಎ’ ಹಾಕೋದಾ ಬೇಡ್ವಾ ಅನ್ನೋದು ಬರೆಯೋರ ಮರ್ಜಿ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ‘ಎ’ ಇಲ್ಲ. ಪಾಸ್‌ಪೋರ್ಟಲ್ಲಿ ಇಲ್ಲ. ಆಧಾರ್‌ನಲ್ಲಿ ಇದೆ. ಅಪ್ಪಯ್ಯನ ಹೆಸರು ಗಣಪತಿ, ಅದರ ಕೊನೆಯ ‘ತಿ’ಗೆ ಒಂದು ಕಡೆ ‘ಎಚ್’ ಇದೆ, ಇನ್ನೊಂದು ಕಡೆ ಇಲ್ಲ. ಇಲ್ಲಿ ಯಾರೂ ಇದನ್ನು ಗಮನಿಸೋದೇ ಇಲ್ಲ. ಅಲ್ಲಿ ಕೂತ ಅಧಿಕಾರಿಗೆ ಇವು ಇಬ್ಬರು ಬೇರೆ ಬೇರೆ ಮನುಷ್ಯರು. ತಪ್ಪು ಅವರದ್ದಲ್ಲ, ಅವರಿಗೆ ಹೆಗಡೆ ಅಂದ್ರೆ ಏನು ಗೊತ್ತು?

ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳೋದು ಇದು. ಯಾವ ಅರ್ಜಿ ಹಾಕೋಕೂ ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಈ ಐದನ್ನು ಪ್ರತಿ ದಾಖಲೆಯಲ್ಲಿ ಹೇಗೆ ಬರೆದಿದ್ದಾರೋ ಹಾಗೇ, ಅಕ್ಷರ ಅಕ್ಷರ, ಪಟ್ಟಿ ಮಾಡಿ. ಪಾಸ್‌ಪೋರ್ಟಲ್ಲಿ ಇರೋದೇ ಯಜಮಾನ ಅಂದ್ಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ನಾನು ಇದನ್ನು ಮಾಡಿದ್ದು ನಾಲ್ಕನೇ ತಿಂಗಳಲ್ಲಿ.

ನನ್ನ ಪಾಸ್‌ಪೋರ್ಟೇ ತಪ್ಪಿತ್ತು ಅಂತ ಗೊತ್ತಾಗಿದ್ದೂ ಆಗಲೇ. ಮೊದಲ ಹೆರಿಗೆ ತವರುಮನೇಲಿ ಅಲ್ವಾ? ಆಯಿಯ ತವರು ಕುಮಟಾ. ನಾನು ಹುಟ್ಟಿದ್ದು ಕುಮಟೆಯ ಒಂದು ಆಸ್ಪತ್ರೆಯಲ್ಲಿ, ಜನನ ನೋಂದಣಿ ಆಗಿದ್ದು ಅಲ್ಲಿಯ ಪುರಸಭೆಯಲ್ಲಿ. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪಯ್ಯ ಹುಟ್ಟಿದ ಊರು ಸಿರ್ಸಿ ಅಂತ ಬರೆಸಿದ್ದ. ಅವನ ಲೆಕ್ಕದಲ್ಲಿ ಮನೆ ಎಲ್ಲೋ ಊರು ಅಲ್ಲೇ. ಸಾಲದ್ದಕ್ಕೆ ಜನನ ಪ್ರಮಾಣ ಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ. ಅಪ್ಪ-ಆಯಿ ಹೆಸರಿದೆ, ‘ಹೆಣ್ಣು’ ಅಂತ ಇದೆ, ಹೆಸರಿನ ಜಾಗ ಖಾಲಿ. ಕಾರಣ ಸರಳ. ಆಸ್ಪತ್ರೆಯವರು ವರದಿ ಕಳಿಸಿದ್ದು ಹುಟ್ಟಿದ ಎರಡು ಮೂರು ದಿನಕ್ಕೆ, ನಾಮಕರಣ ಆಗಿದ್ದು 12ನೇ ದಿನ, ಆಮೇಲೆ ಹೋಗಿ ಹೆಸರು ಸೇರಿಸೋ ನೆನಪು ಯಾರಿಗೆ? ನಮ್ಮ ವಾರಿಗೆಯ ಎಷ್ಟೋ ಜನರ ಪತ್ರ ಹೀಗೇ ಇದೆ, ಒಮ್ಮೆ ತೆಗೆದು ನೋಡಿ.

ಹೆಸರು ಸೇರಿಸೋಕೆ ಶಾಲೆಯ ದಾಖಲೆ, ಅಪ್ಪ-ಆಯಿಯ ಅಫಿಡವಿಟ್, ಹಳೇ ಪತ್ರ, ಎಲ್ಲ ಹಿಡಿದು ದೇವಿಮನೆ ಘಾಟಿ ಇಳಿದು ಮೂರು ಸಲ ಕುಮಟೆಗೆ ಹೋದೆ. ಮೂರನೇ ಸಲ ಕಂಪ್ಯೂಟರಿನಲ್ಲಿ ಪ್ರಿಂಟ್ ಆದ ಹೊಸ ಪತ್ರ ಸಿಕ್ಕಿತು, ಕನ್ನಡ ಇಂಗ್ಲಿಷ್ ಎರಡೂ ಇರೋದು. ಕೈಬರಹದ ಹಳೇ ಪತ್ರ ಇದ್ದವರು ಇದನ್ನೇ ಮಾಡಿಸಿಕೊಳ್ಳಿ. ಅನುವಾದ ಮಾಡಬೇಕಾದ್ದು ಜರ್ಮನಿಯ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರು. ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಸಿಗ್ತಾರೆ, ಕನ್ನಡ ಬಲ್ಲವರನ್ನು ಎಲ್ಲಿ ಹುಡುಕೋದು? ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಹುಟ್ಟಿದ ಊರು ತಿದ್ದಿಸಿ ಮರು ಪಾಸ್‌ಪೋರ್ಟ್. 36 ಪುಟದ್ದಕ್ಕೆ 1,500 ರೂಪಾಯಿ. ಈ ಕೆಲಸ ಮಾತ್ರ ಸಲೀಸಾಗಿ ಆಯ್ತು.

ಇದಕ್ಕೆಲ್ಲ ಮೊದಲು ಮಾಡಿದ ದಡ್ಡತನ ಒಂದಿದೆ. ವಿದೇಶದಲ್ಲಿ ಮದುವೆ ಅಂದ ಕೂಡ್ಲೇ ಯಾರೋ ‘ಅಪಾಸ್ಟಿಲ್ ಮಾಡಿಸು’ ಅಂದರು, ಅಂದ್ರೆ ಕಾಗದ ಅಸಲಿ ಅಂತ ಹೊರದೇಶದವರಿಗೆ ತೋರಿಸೋಕೆ ಸರ್ಕಾರ ಹಾಕೋ ಮುದ್ರೆ. ನಾನು ಬೆಂಗಳೂರಿನ ಒಬ್ಬ ಏಜೆಂಟನಿಗೆ ಮೂರು ಕಾಗದಕ್ಕೆ 9,000 ರೂಪಾಯಿ ಕೊಟ್ಟೆ. ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಶುಲ್ಕ ಕಾಗದಕ್ಕೆ 50 ರೂಪಾಯಿ ಅಂತ ಆಮೇಲೆ ತಿಳೀತು. ಹೋಗಲಿ ಅಂದ್ರೆ, ಆ ಮುದ್ರೆ ನಮ್ಮ ಕೇಸಿಗೆ ಬೇಕಾಗೇ ಇರಲಿಲ್ಲ! ಭಾರತ 2005ರಲ್ಲಿ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿತು. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ಈ ಎರಡು ದೇಶಗಳ ನಡುವೆ ಆ ಮುದ್ರೆ ನಡೆಯಲ್ಲ. ಬೇರೆ ಎಷ್ಟೋ ದೇಶಕ್ಕೆ ಅದೇ ಸಾಕು. ನಿಮ್ಮ ಹುಡುಗನ ದೇಶ ಯಾವ ಕಡೆಯದ್ದು ಅಂತ ನೋಡಿಕೊಂಡು ಆಮೇಲೆ ದುಡ್ಡು ಬಿಚ್ಚಿ. ನೋಡೋದು ಅಂದ್ರೆ ಏಜೆಂಟನ್ನು ಕೇಳೋದಲ್ಲ, ಅವನ ಊರಿನ ವಿವಾಹ ನೋಂದಣಿ ಕಚೇರಿಯನ್ನು ಕೇಳೋದು. ಜರ್ಮನಿಯಲ್ಲಿ ಅದಕ್ಕೆ ಸ್ಟಾಂಡೆಸಾಮ್ಟ್ ಅಂತಾರೆ. ಅವರು ನಿಮ್ಮ ಹೆಸರಿಗೇ ಒಂದು ಪಟ್ಟಿ ಕೊಡ್ತಾರೆ. ಆ ಪಟ್ಟಿ ಒಂದೇ ಪ್ರಮಾಣ, ಬೇರೆಯವರ ಅನುಭವ (ನನ್ನದೂ ಸೇರಿ) ಸುಮ್ನೆ ಓದೋಕೆ.

ನಮ್ಮ ಪಟ್ಟಿಯಲ್ಲಿ ಒಂದು ಶಬ್ದ ಇತ್ತು. ಎಹೆಫೇಯಿಗ್‌ಕೈಟ್ಸ್‌ತ್ಸೋಯ್ಗ್‌ನಿಸ್. ಹೇಳೋಕೆ ನನಗೆ ಒಂದು ವಾರ ಬೇಕಾಯ್ತು. ಅರ್ಥ ಇಷ್ಟೇ: ಇವಳು ಮದುವೆಯಾಗೋಕೆ ಇವಳ ದೇಶದ ಕಾನೂನಿನ ಪ್ರಕಾರ ಅಡ್ಡಿ ಇಲ್ಲ ಅಂತ ಆ ದೇಶವೇ ಕೊಡೋ ಪತ್ರ. ಭಾರತ ಅಂಥ ಪತ್ರ ಕೊಡೋದಿಲ್ಲ. ಆಗ ಏನು ಮಾಡೋದು? ಅಲ್ಲಿಯ ಮೇಲಿನ ಕೋರ್ಟಿನ ಅಧ್ಯಕ್ಷರು ‘ಈ ಪತ್ರ ಇಲ್ಲದಿದ್ದರೂ ನಡೆಯುತ್ತೆ’ ಅಂತ ವಿನಾಯ್ತಿ ಕೊಡಬೇಕು. ಅರ್ಜಿ ಸ್ಟಾಂಡೆಸಾಮ್ಟ್ ಮೂಲಕವೇ ಹೋಗುತ್ತೆ, ಶುಲ್ಕ ವರಮಾನ ನೋಡಿ ಹಾಕ್ತಾರೆ. ಅದಕ್ಕೂ ಮೊದಲು ಭಾರತದ ಕಾಗದಗಳು ನಿಜವಾ ಸುಳ್ಳಾ ಅಂತ ಪರಿಶೀಲನೆ ಆಗಬೇಕು. ಇದನ್ನು ನಾವಾಗಿ ಮಾಡಿಸೋಕೆ ಆಗಲ್ಲ. ಅಲ್ಲಿಯ ಕಚೇರಿ ಇಲ್ಲಿರೋ ಜರ್ಮನ್ ದೂತಾವಾಸಕ್ಕೆ ಕೇಳುತ್ತೆ, ಅವರು ಇಲ್ಲಿಯ ವಕೀಲರನ್ನು ನೇಮಿಸಿ ತನಿಖೆ ಮಾಡಿಸ್ತಾರೆ, ವರದಿ ಸೀದಾ ಆ ಕಚೇರಿಗೆ ಹೋಗುತ್ತೆ. ಖರ್ಚು ಮಾತ್ರ ನಮ್ಮದು.

ಆ ಪರಿಶೀಲನೆಯ ಫಾರಂ ತುಂಬೋದೇ ಒಂದು ಕೆಲಸ. ಮನೆ ವಿಳಾಸ, ಓದಿದ ಶಾಲೆ, ಗುರುತು ಹೇಳೋ ಅಕ್ಕಪಕ್ಕದವರು, ಫೋನ್ ನಂಬರ್. ನಮ್ಮ ಮನೆಗೆ ನಂಬರೂ ಇಲ್ಲ, ರಸ್ತೆಗೆ ಹೆಸರೂ ಇಲ್ಲ. ‘ಬಸ್ ನಿಲ್ಲೋ ಕಟ್ಟೆಯಿಂದ ಎಡಕ್ಕೆ ಮಣ್ಣು ರಸ್ತೆ, ಹಳ್ಳ ದಾಟಿದ ಮೇಲೆ ಎರಡನೇ ದಣಪೆ (ಅಡ್ಡಗಳುಗಳ ಗೇಟು)’ ಅಂತ ಬರೆದೆ. ಆಯಿಯ ಮೊಬೈಲ್ ಗುಡ್ಡ ಹತ್ತಿದರೆ ಮಾತ್ರ ಸಿಗೋದು, ಅದಕ್ಕೆ ಲ್ಯಾಂಡ್‌ಲೈನ್ ನಂಬರನ್ನೂ ಕೊಟ್ಟೆ. ಅದನ್ನು ಕೊಟ್ಟಿದ್ದು ಒಳ್ಳೇದಾಯ್ತು.

ನಾನು ಮರೆತಿದ್ದು ಒಂದೇ: ಊರವರಿಗೆ ಹೇಳೋದು. ಅಕ್ಟೋಬರ್‌ನಲ್ಲಿ ಒಬ್ಬ ವಕೀಲರು ಕಾರಲ್ಲಿ ಬಂದರು. ಅಪ್ಪ-ಆಯಿ ಸಿರ್ಸಿ ಪೇಟೆಗೆ ಹೋಗಿದ್ದರು, ನಾನು ಬೆಂಗಳೂರಲ್ಲಿ ಜರ್ಮನ್ ಪರೀಕ್ಷೆ ಬರೀತಿದ್ದೆ. ವಕೀಲರು ಮೇಲಿನಮನೆ ಅಜ್ಜನ ಹತ್ತಿರ ಹೋಗಿ ಕೇಳಿದ್ದಾರೆ, ಕೆಳಗಿನಮನೆ ಹುಡುಗಿಗೆ ಮದುವೆ ಆಗಿದೆಯಾ ಅಂತ. ನಮ್ಮ ಕಡೆ ಹುಡುಗಿ ಸಿಗದೆ ಎಷ್ಟು ಮಾಣಿಗಳು ಕೂತಿದ್ದಾರೆ ಅಂತ ನಿಮಗೂ ಗೊತ್ತು. ಪ್ಯಾಂಟು ಶರ್ಟು ಹಾಕಿದವರು ಕಾರಲ್ಲಿ ಬಂದು ಹುಡುಗಿ ಬಗ್ಗೆ ವಿಚಾರಿಸಿದರೆ ಅದು ಜಾತಕದ ವಿಷಯವೇ. ಅಜ್ಜನಿಗೆ ನನ್ನ ಜರ್ಮನಿ ಮಾಣಿಯ ಸುದ್ದಿ ಗೊತ್ತು. ಈ ಹೊಸಬರನ್ನು ಸುಮ್ನೆ ಆಸೆ ಹಚ್ಚಿ ಯಾಕೆ ಕಾಯಿಸೋದು ಅಂತ ಅವನು ಧರ್ಮವಾಗಿ ಹೇಳಿಬಿಟ್ಟ: “ಆ ಕೂಸಿಗೆ ಮದುವೆ ಆದ ಹಾಗೇ ಬಿಡಿ. ಹೊರದೇಶದವನು. ನೀವು ಬೇರೆ ಕಡೆ ನೋಡಿ.” ಕುಡಿಯೋಕೆ ಬೆಲ್ಲ ನೀರು ಬೇರೆ ಕೊಟ್ಟು ಕಳಿಸಿದ್ದಾನೆ.

ಫಲ ಏನು? ಅಪ್ಪ-ಆಯಿ ‘ಮಗಳು ಅವಿವಾಹಿತೆ’ ಅಂತ ಪ್ರಮಾಣ ಮಾಡಿದ ಅಫಿಡವಿಟ್ ಒಂದು ಕಡೆ, ‘ಆದ ಹಾಗೇ’ ಅನ್ನೋ ನೆರೆಮನೆಯ ಮಾತು ಇನ್ನೊಂದು ಕಡೆ. ವಕೀಲರು ಲ್ಯಾಂಡ್‌ಲೈನಿಗೆ ಫೋನ್ ಮಾಡಿ ವಿಚಾರಿಸಿದ್ದಕ್ಕೆ ಬಚಾವಾದೆವು. ಆದರೂ ಸ್ಪಷ್ಟನೆಗೆ ಇನ್ನೊಂದು ಅಫಿಡವಿಟ್, ಅಜ್ಜನದ್ದೂ ಒಂದು ಹೇಳಿಕೆ, ಎರಡು ತಿಂಗಳು ತಡ. ಅಜ್ಜ ಮಾತ್ರ ನೋಟರಿ ಎದುರು ಸಹಿ ಹಾಕುವಾಗಲೂ “ನಾನು ಹೇಳಿದ್ದರಲ್ಲಿ ಸುಳ್ಳು ಎಂತ ಇತ್ತು?” ಅಂತಲೇ ಕೇಳ್ತಿದ್ದ.

ಇದರ ಜೊತೆಗೇ ಹೇಳಬೇಕಾದ್ದು: ‘ಮೊದಲು ಮನೇಲಿ ಧಾರೆ ಎರೆದು ಬಿಡೋಣ, ರಿಜಿಸ್ಟರ್ ಆಮೇಲೆ’ ಅಂತ ನೆಂಟರು ಹೇಳಿಯೇ ಹೇಳ್ತಾರೆ. ನಮ್ಮ ಮಾವನೂ ಹೇಳಿದ. ನಾನು ಒಪ್ಪಲಿಲ್ಲ. ಮಂಟಪದಲ್ಲಿ ಹಾರ ಹಾಕಿಕೊಂಡ ಫೋಟೋ ಇಟ್ಕೊಂಡು ಅವಿವಾಹಿತೆ ಅಂತ ಪ್ರಮಾಣ ಮಾಡೋದು ಹೇಗೆ? ಚಪ್ಪರದ ಮದುವೆ ಆಮೇಲೆ ಮಾಡಿದೆವು, 2023ರ ಡಿಸೆಂಬರ್‌ನಲ್ಲಿ, ಯಾವ ಕಾಗದದ ಭಯವೂ ಇಲ್ಲದೆ.

ಇನ್ನು ಕಾಗದದ ಆಯುಷ್ಯ. ಕೋರ್ಟಿನ ವಿನಾಯ್ತಿ ಆರು ತಿಂಗಳು ಮಾತ್ರ ನಡೆಯುತ್ತೆ. ‘ನೀವು ಮದುವೆಯಾಗಬಹುದು’ ಅಂತ ಸ್ಟಾಂಡೆಸಾಮ್ಟ್ ಹೇಳಿದ ಮೇಲೂ ಆರು ತಿಂಗಳ ಒಳಗೆ ಆಗಬೇಕು. ಅಫಿಡವಿಟ್ ತೀರಾ ಹಳೇದಾದರೆ ಹೊಸದು ಕೇಳ್ತಾರೆ. ನಾನು ಅವಿವಾಹಿತ ಅಫಿಡವಿಟ್ ಅನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ ಇಟ್ಟಿದ್ದೆ, ಕೆಲಸ ಮುಗೀತು ಅನ್ನೋ ಖುಷಿಯಲ್ಲಿ. ಕಡತ ಕಳಿಸೋ ಹೊತ್ತಿಗೆ ಅದು ಹಳಸಿತ್ತು. ಜನನ ಪತ್ರ, ಪಾಸ್‌ಪೋರ್ಟ್ ತಿದ್ದುಪಡಿ, ಭಾಷೆಯ ಪರೀಕ್ಷೆ ಮೊದಲು. ಅಫಿಡವಿಟ್ ಕೊನೆಗೆ. ಅಡಿಕೆ ಕೊಯ್ದ ಹಾಗೇ, ಹದ ನೋಡಬೇಕು.

ಭಾಷೆ ಅಂದೆನಲ್ಲ, ಮದುವೆಗೆ ಹೋಗಿ ಅಲ್ಲೇ ಉಳಿಯೋರಿಗೆ ಬೇಕಾದ್ದು ರಾಷ್ಟ್ರೀಯ ವೀಸಾ, ಅದಕ್ಕೆ ಸಾಮಾನ್ಯವಾಗಿ ಜರ್ಮನ್ ಎ1, ಅಂದ್ರೆ ತೀರಾ ಆರಂಭದ ಮಟ್ಟದ ಪ್ರಮಾಣ ಪತ್ರ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆದೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು, 100ಕ್ಕೆ 60 ಬಂದರೆ ಪಾಸು. ಕಷ್ಟ ಇಲ್ಲ, ಆದರೆ ಪರೀಕ್ಷೆಯ ಸೀಟು ಬೇಗ ತುಂಬುತ್ತೆ. ಪ್ರವಾಸಿ ವೀಸಾದಲ್ಲಿ ಹೋಗಿ ಮದುವೆಯಾಗಿ ಅಲ್ಲೇ ಇದ್ದುಬಿಡ್ತೇನೆ ಅನ್ನೋ ಯೋಚನೆ ಬೇಡ, ವಾಪಸ್ ಬಂದು ಮತ್ತೆ ಅರ್ಜಿ ಹಾಕು ಅನ್ನೋ ಸಾಧ್ಯತೆಯೇ ಜಾಸ್ತಿ.

ಮದುವೆ ದಿನ ಅರ್ಧ ಗಂಟೆಯ ಕೆಲಸ. ಎ1 ಜರ್ಮನ್ ಅಲ್ಲಿಗೆ ಸಾಲಲ್ಲ, ಹಾಗಾಗಿ ದುಭಾಷಿ ಒಬ್ಬರು ಪಕ್ಕದಲ್ಲಿ ಕೂತಿದ್ದರು. ನಾನು ಆಯಿಯ ಸೀರೆ ಉಟ್ಟಿದ್ದೆ. ಅಜ್ಜಿ ಗಾಲಿ ಕುರ್ಚಿಯಲ್ಲಿ ಮುಂದಿನ ಸಾಲಲ್ಲಿ. ಹೆಸರು ಬದಲಿಸ್ತೀರಾ ಅಂತ ಕೇಳಿದರು, ಇಲ್ಲ ಅಂದೆ. ಆ ‘ಎ’ ಇಲ್ಲದ ಹೆಗಡೆಗೆ ನಾನು ಎಷ್ಟು ಓಡಾಡಿದ್ದೇನೆ, ಅದನ್ನು ಬಿಡೋದುಂಟಾ! ಬರುವಾಗ ವಿವಾಹ ಪತ್ರದ ಅಂತರರಾಷ್ಟ್ರೀಯ ನಮೂನೆ ಕೇಳಿ ತಗೊಂಡೆವು, ಅದರಲ್ಲಿ ಇಂಗ್ಲಿಷ್ ಕೂಡ ಇರುತ್ತೆ, ನಾಲ್ಕು ಪ್ರತಿ ಒಟ್ಟಿಗೇ ತಗೊಂಡಿದ್ದು ಆಮೇಲೆ ಉಪಯೋಗಕ್ಕೆ ಬಂತು.

ಮದುವೆ ನೋಂದಣಿಯಾಗಿ ಎರಡು ವರ್ಷ ಆದರೆ ಭಾರತೀಯರನ್ನು ಮದುವೆಯಾದ ವಿದೇಶಿಯರು ಓಸಿಐ ಕಾರ್ಡಿಗೆ (ಮತ್ತೆ ಮತ್ತೆ ವೀಸಾ ಇಲ್ಲದೆ ಭಾರತಕ್ಕೆ ಬಂದು ಇರೋಕೆ ಬಿಡೋ ಕಾರ್ಡು) ಅರ್ಜಿ ಹಾಕಬಹುದು. ಈಗ ಅವನ ಸರದಿ. ಅವನ ಕಾಗದಗಳನ್ನು ಹೊಂದಿಸ್ತಾ ಇದ್ದೇನೆ ಅಂತ ಫೋನಲ್ಲಿ ಹೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಮತ್ತೆ ವಕೀಲರು ಬತ್ವನೇ? ಮೇಲಿನಮನೆ ಅಜ್ಜಂಗೆ ಈಗ್ಲೇ ಹೇಳಿಡವು.”